ಹೊಗೆ ಹೋಗುವುದೆಲ್ಲಿಗೆ?

ಒಲೆಯಿಂದಲಾಗಲಿ ಕುಲುಮೆಯಿಂದಲಾಗಲಿ ಕಾರ್ಖಾನೆಯ ಚಿಮಣಿಯಿಂದಲಾಗಲಿ ಮೇಲೆದ್ದ ಹೊಗೆಯು ಸ್ವಲ್ಪ ದೂರ ಸುರುಳಿಸುರುಳಿಯಾಗಿ ಏರಿ, ಗಾಳಿಯ ಬೀಸಿಗೆ ಸಿಕ್ಕಿ ತೆಳ್ಳಗಾಗಿ, ಕಡೆಗೆ ಕಣ್ಣಿಗೆ ಕಾಣದಂತಾದಾಗ, ಅದು ಇಲ್ಲವಾಯಿತೆಂದು ಭಾವಿಸುವುದು ಮನುಷ್ಯನಿಗೆ ಸಹಜ. ಆಕಾಶಕ್ಕೆ ಎಲ್ಲೆಯಿಲ್ಲ, ನಮ್ಮ ಹೊಗೆಗೆ ಎಲ್ಲೆಯುಂಟು; ಎಲ್ಲೆಯುಳ್ಳದ್ದು ಎಲ್ಲೆಯಿಲ್ಲದುದರಲ್ಲಿ ಸೇರಿದರೆ ಕೆಡುವುದೇನು ಎಂಬ ಸಮಾಧಾನವು ಶತಮಾನಗಳ ಕಾಲ ಗೃಹಸ್ಥರಿಗೂ ಉದ್ಯಮಿಗಳಿಗೂ ಆಳುವವರಿಗೂ ಸಾಕಾಗಿತ್ತು. ಆದರೆ ಕವಿಗಳ ಆಕಾಶ ಬೇರೆ, ನಾವು ಉಸಿರಾಡುವ ವಾಯುಮಂಡಲ ಬೇರೆ. ಭೂಮಿಯನ್ನು ಆವರಿಸಿರುವ ವಾಯುವಿನ ಒಟ್ಟು ತೂಕದಲ್ಲಿ ಅರ್ಧದಷ್ಟು ಸಮುದ್ರಮಟ್ಟದಿಂದ ಸುಮಾರು ಐದೂವರೆ ಕಿಲೋಮೀಟರಿನೊಳಗೇ ಅಡಗಿದೆ. ಬೆಂಗಳೂರಿನ ನಡುವಿನಿಂದ ನೆಲದ ಮೇಲೆ ಅಷ್ಟು ದೂರ ನಡೆದರೆ ಊರನ್ನು ದಾಟಿದಂತೆಯೂ ಆಗುವುದಿಲ್ಲ. ಇಷ್ಟು ತೆಳುವಾದ ಹೊದಿಕೆಯೊಳಗೆ ಬಿಟ್ಟದ್ದು ಅದರಿಂದಾಚೆಗೆ ಹೋಗಲಾರದು. ಇಂದೋ ನಾಳೆಯೋ, ಇಲ್ಲಿಯೋ ಸಾವಿರ ಮೈಲಿಯಾಚೆಯೋ, ಮೊದಲಿನ ರೂಪದಲ್ಲಿಯೋ ಮತ್ತೊಂದು ರೂಪದಲ್ಲಿಯೋ, ಅದು ಕೆಳಗೆ ಇಳಿಯಲೇಬೇಕು.

ಅದು ಇಳಿಯುವ ಜಾಗ ಒಂದು ಶ್ವಾಸಕೋಶವಾಗಿರಬಹುದು, ಒಂದು ಎಲೆಯಾಗಿರಬಹುದು, ಒಂದು ಸರೋವರವಾಗಿರಬಹುದು, ಅಮೃತಶಿಲೆಯ ಒಂದು ಗೋಪುರವಾಗಿರಬಹುದು. ವಾಯುಮಾಲಿನ್ಯವೆಂಬುದು ಅನೇಕ ದ್ರವ್ಯಗಳ ಸಮೂಹವಾದುದರಿಂದ ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಕೈಗೆ ದಕ್ಕುವುದಿಲ್ಲ. ಆದುದರಿಂದ ಆ ಸಮೂಹದಲ್ಲಿ ಬಹು ಹಳೆಯದೂ, ಚರಿತ್ರೆಯಲ್ಲಿ ಸ್ಪಷ್ಟವಾಗಿ ಹೆಜ್ಜೆಯ ಗುರುತು ಬಿಟ್ಟಿರುವುದೂ ಆದ ಗಂಧಕದ ಹೊಗೆಯನ್ನು ಮುಖ್ಯವಾಗಿ ಹಿಂಬಾಲಿಸಿ, ಅದು ಎಲ್ಲೆಲ್ಲಿಗೆ ಹೋಯಿತು, ಏನೇನು ಮಾಡಿತು ಎಂಬುದನ್ನು ನೋಡುವುದು ಲೇಸು.

ಲಂಡನ್ನಿನ ಐದು ದಿನ

ಕಲ್ಲಿದ್ದಲೆಂಬುದು ಕೋಟ್ಯಂತರ ವರ್ಷಗಳ ಹಿಂದೆ ಜೌಗುನೆಲಗಳಲ್ಲಿ ಹುದುಗಿಹೋದ ಸಸ್ಯರಾಶಿಯ ಅವಶೇಷ. ಆ ಸಸ್ಯಗಳ ದೇಹದಲ್ಲಿದ್ದ ಗಂಧಕವೂ, ಹೂಳಿನ ನೀರಿನಿಂದ ಅವುಗಳೊಡನೆ ಸೇರಿಕೊಂಡ ಗಂಧಕವೂ ಕಲ್ಲಿದ್ದಲಿನಲ್ಲಿ ಉಳಿದಿರುವುದರಿಂದ, ಅದನ್ನು ಸುಟ್ಟಾಗ ಗಂಧಕವು ಆಮ್ಲಜನಕದೊಡನೆ ಕೂಡಿ ಗಂಧಕದ ಡೈಆಕ್ಸೈಡ್ ಎಂಬ ಕಟುವಾಸನೆಯ ಅನಿಲವಾಗುತ್ತದೆ. ಇದರ ಉಪದ್ರವವನ್ನು ಎಲ್ಲರಿಗಿಂತ ಮೊದಲು ಅನುಭವಿಸಿದ ಮಹಾನಗರಗಳಲ್ಲಿ ಲಂಡನ್ ಪ್ರಮುಖವಾದುದು. 1661ರಲ್ಲಿಯೇ ಜಾನ್ ಎವೆಲಿನ್ ಎಂಬ ವಿದ್ವಾಂಸನು ಆ ನಗರದ ಹೊಗೆಯ ಮೇಲೆ ಒಂದು ಹೊತ್ತಗೆಯನ್ನು ಬರೆದು ದೊರೆಯಾದ ಎರಡನೆಯ ಚಾರ್ಲ್ಸನಿಗೆ ಅರ್ಪಿಸಿದನು. ದೊರೆ ಓದಿದನೋ ಬಿಟ್ಟನೋ, ಹೊಗೆಯಂತೂ ನಿಲ್ಲಲಿಲ್ಲ. ಮುಂದೆ ಕೈಗಾರಿಕೆಯ ಯುಗ ಬಂದು ಅದು ನೂರ್ಮಡಿಯಾಯಿತು.

1952ನೆಯ ಇಸವಿಯ ಡಿಸೆಂಬರ್ 5ರ ಶುಕ್ರವಾರ ಲಂಡನ್ನಿನ ಮೇಲೆ ಗಾಳಿ ಸ್ತಬ್ಧವಾಯಿತು. ಸಾಮಾನ್ಯವಾಗಿ ನೆಲದ ಬಳಿಯ ಗಾಳಿ ಬೆಚ್ಚಗಿದ್ದು ಮೇಲಕ್ಕೇರುವಾಗ ಹೊಗೆಯನ್ನೂ ತನ್ನೊಡನೆ ಒಯ್ಯುವುದು. ಅಂದಾದರೋ ಕೆಳಗಣ ಗಾಳಿ ತಣ್ಣಗೂ ಮೇಲಣ ಗಾಳಿ ಬೆಚ್ಚಗೂ ಇದ್ದು, ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿದಂತೆ ನಗರದ ಹೊಗೆಯೆಲ್ಲ ನಗರದಲ್ಲಿಯೇ ಉಳಿಯಿತು. ಚಳಿಯಾದುದರಿಂದ ಮನೆಮನೆಯ ಅಗ್ಗಿಷ್ಟಿಕೆಗಳಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. ವಿದ್ಯುತ್ ಕೇಂದ್ರಗಳೂ ಕಾರ್ಖಾನೆಗಳೂ ಎಂದಿನಂತೆ ನಡೆದಿದ್ದುವು. ಪ್ರತಿದಿನವೂ ಸುಮಾರು 1,000 ಟನ್ನು ಹೊಗೆಯ ಕಣಗಳೂ ಸುಮಾರು 370 ಟನ್ನು ಗಂಧಕದ ಡೈಆಕ್ಸೈಡೂ ಆ ಮುಚ್ಚಳದ ಕೆಳಗೆ ಸೇರುತ್ತ ಬಂದು, ಮಂಜಿನ ಹನಿಗಳಲ್ಲಿ ಕರಗಿ, ಹಳದಿ ಬೆರೆತ ಕಪ್ಪು ಕಾವಳವಾಗಿ ಬೀದಿಗಳನ್ನು ತುಂಬಿದುವು. ಹಗಲಿನಲ್ಲಿಯೇ ನಡೆಯುವವನಿಗೆ ತನ್ನ ಪಾದಗಳು ಕಾಣದಂತಾದುವು. ಒಂದು ನಾಟ್ಯಶಾಲೆಯಲ್ಲಿ ಕಾವಳವು ಒಳಕ್ಕೂ ನುಗ್ಗಿ, ಪ್ರೇಕ್ಷಕರಿಗೆ ರಂಗವೇ ಕಾಣದೆ, ಸಂಗೀತನಾಟಕವನ್ನು ಅರ್ಧದಲ್ಲಿ ನಿಲ್ಲಿಸಬೇಕಾಯಿತು. ಪ್ರದರ್ಶನಕ್ಕೆಂದು ತಂದಿದ್ದ ಪುಷ್ಟವಾದ ದನಗಳಲ್ಲಿ ಕೆಲವು ಉಸಿರು ಕಟ್ಟಿ ಸತ್ತುವು. 9ರಂದು ಗಾಳಿ ಬೀಸಿ ಆಕಾಶ ತಿಳಿಯಾಯಿತು.

ಆಗ ಲೆಕ್ಕ ಹಾಕಿದವರಿಗೆ, ಆ ದಿನಗಳಲ್ಲಿಯೂ ಮುಂದಿನ ಕೆಲವು ವಾರಗಳಲ್ಲಿಯೂ ವಾಡಿಕೆಗಿಂತ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತಿದ್ದುದು ಕಂಡುಬಂದಿತು. ಅದಾದ ಮೇಲೂ ತಿಂಗಳುಗಟ್ಟಲೆ ಮರಣದ ಪ್ರಮಾಣ ಇಳಿಯದಿದ್ದುದನ್ನು ಸರ್ಕಾರವು ನೆಗಡಿಜ್ವರದ ಪಿಡುಗಿನ ತಲೆಗೆ ಕಟ್ಟಿತು. ಅನಂತರದ ಸಂಶೋಧಕರು ಆ ಮರಣಗಳನ್ನೂ ಪರಿಶೀಲಿಸಿ, ಒಟ್ಟು ಸುಮಾರು 12,000 ಮಂದಿ ಆ ಐದು ದಿನಗಳ ಗಾಳಿಗೆ ಬಲಿಯಾಗಿರಬೇಕೆಂದು ಅಂದಾಜು ಮಾಡಿದ್ದಾರೆ. ಬೆಲ್ಜಿಯಮ್ಮಿನ ಮ್ಯೂಸ್ ಕಣಿವೆಯಲ್ಲಿ 1930ರಲ್ಲಿ ಅರುವತ್ತಕ್ಕೂ ಹೆಚ್ಚು ಜನರೂ, ಅಮೆರಿಕದ ಡೊನೋರ ಎಂಬ ಸಣ್ಣ ಊರಿನಲ್ಲಿ 1948ರಲ್ಲಿ ಇಪ್ಪತ್ತು ಜನರೂ ಇದೇ ಬಗೆಯ ಸ್ತಬ್ಧವಾಯುವಿನಲ್ಲಿ ಸತ್ತಿದ್ದರು. ಆದರೆ ಒಂದು ಸಾಮ್ರಾಜ್ಯದ ರಾಜಧಾನಿಯೇ ಉಸಿರುಕಟ್ಟಿದ ಮೇಲಲ್ಲದೆ ಜಗತ್ತು ಎಚ್ಚರಗೊಳ್ಳಲಿಲ್ಲ.

ಉಸಿರಿನ ದಾರಿಯಲ್ಲಿ

ಇಷ್ಟು ಜನರು ಸಾಯಲು ಕಾರಣವೇನು? ಗಂಧಕದ ಡೈಆಕ್ಸೈಡ್ ನೀರಿನಲ್ಲಿ ಬೇಗ ಕರಗುವ ಅನಿಲವಾದುದರಿಂದ ಒಂಟಿಯಾಗಿ ಬಂದರೆ ಅದರ ಬಹುಭಾಗವು ಮೂಗು ಗಂಟಲುಗಳ ತೇವದಲ್ಲಿಯೇ ಉಳಿದುಬಿಡುವುದು. ಆದರೆ ಅದು ಸೂಕ್ಷ್ಮವಾದ ಮಸಿಕಣಗಳ ಮೇಲೆ ಹತ್ತಿಕೊಂಡೋ, ಗಂಧಕಾಮ್ಲದ ಅತಿಸಣ್ಣ ಹನಿಯಾಗಿಯೋ ಬಂದಾಗ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಶ್ವಾಸನಾಳದ ಒಳಗೋಡೆಯನ್ನು ಕೆರಳಿಸಿ, ನಾಳವನ್ನು ಕಿರಿದುಮಾಡಿ, ಕಫವನ್ನು ಹೆಚ್ಚಿಸುತ್ತದೆ. ಉಬ್ಬಸವಿದ್ದವರಿಗೂ ವೃದ್ಧರಿಗೂ ಹಸುಗೂಸುಗಳಿಗೂ ದುರ್ಬಲಹೃದಯರಿಗೂ ಅಷ್ಟೇ ಸಾಕು.

ಪ್ರಕೃತಿಯು ಶ್ವಾಸಮಾರ್ಗಕ್ಕೆ ಕಾವಲಿಲ್ಲದೆ ಬಿಟ್ಟಿಲ್ಲ. ದಪ್ಪ ಧೂಳನ್ನು ಮೂಗಿನ ರೋಮಗಳು ತಡೆಯುತ್ತವೆ. ಅದನ್ನು ದಾಟಿದ್ದನ್ನು ನಾಳಗಳ ಲೋಳೆಯು ಹಿಡಿದು, ಅಲ್ಲಿರುವ ಸೂಕ್ಷ್ಮತಂತುಗಳು ಮೇಲ್ಮುಖವಾಗಿ ತಳ್ಳಿ ಹೊರಹಾಕುತ್ತವೆ. ಆದರೆ ಈ ಕಾವಲು ಏರ್ಪಟ್ಟುದು ಹಳೆಯ ಜಗತ್ತಿನ ಮಣ್ಣುಧೂಳಿಗೆ. ಪಿಎಂ 2.5 ಎಂದು ಈಗ ವೃತ್ತಪತ್ರಿಕೆಗಳಲ್ಲಿ ನಾವು ದಿನವೂ ಓದುವ ಕಣಗಳ ವ್ಯಾಸ ಒಂದು ಮಿಲಿಮೀಟರಿನ ಸಾವಿರಭಾಗಗಳಲ್ಲಿ ಎರಡೂವರೆಯನ್ನು ಮೀರದು. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಕಿರಿದು. ಇವು ಎಲ್ಲ ಕಾವಲುಗಳನ್ನೂ ದಾಟಿ, ರಕ್ತವು ಪ್ರಾಣವಾಯುವನ್ನು ಪಡೆಯುವ ಕಟ್ಟಕಡೆಯ ಗಾಳಿಗೂಡುಗಳನ್ನು ತಲಪುತ್ತವೆ. ಅಲ್ಲಿ ಉಂಟಾದ ಉರಿಯೂತವು ಅಲ್ಲಿಗೇ ನಿಲ್ಲದೆ ರಕ್ತನಾಳಗಳನ್ನು ಗಡುಸುಗೊಳಿಸಿ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುವುದರಿಂದ, ಕೆಟ್ಟ ಗಾಳಿಯ ಫಲವು ಎಷ್ಟೋ ವೇಳೆ ಕೆಮ್ಮಾಗಿ ಕಾಣಿಸಿಕೊಳ್ಳದೆ ಹೃದಯಾಘಾತವಾಗಿಯೋ ಪಾರ್ಶ್ವವಾಯುವಾಗಿಯೋ ಕಾಣಿಸಿಕೊಳ್ಳುತ್ತದೆ. ಬಯಲಿನ ಗಾಳಿಯ ಮಾಲಿನ್ಯವನ್ನು ಕ್ಯಾನ್ಸರಿಗೆ ಕಾರಣವಾದ ವಸ್ತುಗಳ ಸಾಲಿನಲ್ಲಿ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ಸೇರಿಸಿತು. ಹೊರಗಿನ ಗಾಳಿಯಿಂದಲೂ ಮನೆಯೊಳಗಿನ ಹೊಗೆಯಿಂದಲೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನರು ಅಕಾಲದಲ್ಲಿ ಸಾಯುತ್ತಾರೆಂಬುದು ಆ ಸಂಸ್ಥೆಯ ಅಂದಾಜು. ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 5 ಮೈಕ್ರೋಗ್ರಾಮಿಗಿಂತ ಹೆಚ್ಚು ಇಂಥ ಕಣಗಳಿರಬಾರದೆಂದು ಅದು 2021ರಲ್ಲಿ ಸಲಹೆಮಾಡಿತು. ನಮ್ಮ ದೇಶವು 2009ರಲ್ಲಿ ಹಾಕಿಕೊಂಡ ಮಿತಿ 40.

ಎತ್ತರದ ಚಿಮಣಿ

ಲಂಡನ್ನಿನ ದುರಂತದ ಫಲವಾಗಿ, ಸರ್ ಹ್ಯೂ ಬೀವರ್ ಎಂಬವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ, ಬ್ರಿಟಿಷ್ ಪಾರ್ಲಿಮೆಂಟು 1956ರಲ್ಲಿ ಶುದ್ಧವಾಯು ಕಾಯಿದೆಯನ್ನು ಅಂಗೀಕರಿಸಿತು. ಮನೆಗಳ ಅಗ್ಗಿಷ್ಟಿಕೆಗಳಿಗೆ ಹೊಗೆಯಿಲ್ಲದ ಇಂಧನವನ್ನು ವಿಧಿಸಿದ ಆ ಕಾಯಿದೆಯಿಂದ ನಗರದ ಗಾಳಿ ನಿಜವಾಗಿಯೂ ತಿಳಿಯಾಯಿತು. ಜನಕ್ಕೆ ಹಿತವಾದ ಒಂದು ಶಾಸನ ಸಫಲವಾದುದಕ್ಕೆ ಅದು ಉತ್ತಮವಾದ ನಿದರ್ಶನ. ಆದರೆ ಅದೇ ಕಾಲದಲ್ಲಿ ಕಲ್ಲಿದ್ದಲನ್ನು ಸುಡುವ ಕೆಲಸವು ಮನೆಗಳಿಂದ ದೊಡ್ಡ ದೊಡ್ಡ ವಿದ್ಯುತ್ ಕೇಂದ್ರಗಳಿಗೆ ವರ್ಗವಾಯಿತು. ಆ ಕೇಂದ್ರಗಳ ಹೊಗೆಗೆ ಎತ್ತರವಾದ ಚಿಮಣಿಯೇ ಪರಿಹಾರವೆಂದು ಇಂಜಿನಿಯರುಗಳು ನಿರ್ಧರಿಸಿದರು. ಹೊಗೆಯನ್ನು ಇನ್ನೂರು ಮೀಟರು ಮೇಲೆ ಬಿಟ್ಟರೆ ಅದು ಬಲವಾದ ಗಾಳಿಗೆ ಸಿಕ್ಕಿ ಚದುರಿ, ಚಿಮಣಿಯ ಬುಡದಲ್ಲಿ ವಾಸಿಸುವವರಿಗೆ ಬಾಧೆ ಕಡಿಮೆಯಾಗುವುದು. ಅವರ ಲೆಕ್ಕ ಅಷ್ಟರಮಟ್ಟಿಗೆ ತಪ್ಪಲ್ಲ.

ಈ ಬಗೆಯ ಪರಿಹಾರವು ತನ್ನ ಪರಾಕಾಷ್ಠೆಯನ್ನು ಮುಟ್ಟಿದ್ದು ಕೆನಡ ದೇಶದ ಸಡ್‌ಬರಿಯಲ್ಲಿ. ಅಲ್ಲಿ ನಿಕ್ಕಲ್ ಮತ್ತು ತಾಮ್ರದ ಅದಿರು ಗಂಧಕದೊಡನೆ ಕೂಡಿಕೊಂಡೇ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಆ ಅದಿರನ್ನು ಬಯಲಿನಲ್ಲಿ ಸೌದೆಯ ರಾಶಿಗಳ ಮೇಲೆ ಹುರಿಯುತ್ತಿದ್ದುದರಿಂದ ಹೊಗೆ ನೆಲದ ಮೇಲೆಯೇ ಹರಿದು, ಕಾಡು ಸತ್ತು, ಮಣ್ಣು ಕೊಚ್ಚಿಹೋಗಿ, ಸುತ್ತಣ ಬೆಟ್ಟಗಳು ಕಪ್ಪುಬಂಡೆಗಳಾಗಿ ನಿಂತುವು. 1972ರಲ್ಲಿ 381 ಮೀಟರು ಎತ್ತರದ ಚಿಮಣಿಯೊಂದನ್ನು ಅಲ್ಲಿ ನಿಲ್ಲಿಸಲಾಯಿತು. ಊರಿನ ಗಾಳಿ ಸುಧಾರಿಸಿತು. ಹೊಗೆ ನೂರಾರು ಕಿಲೋಮೀಟರು ದೂರದ ಕಾಡುಗಳಿಗೂ ಸರೋವರಗಳಿಗೂ ಹಂಚಿಹೋಯಿತು. ಒಂದು ಊರಿನ ಪೀಡೆ ಒಂದು ಸೀಮೆಯ ಪೀಡೆಯಾಯಿತು.

ಎತ್ತರಕ್ಕೆ ಏರಿದ ಅನಿಲಕ್ಕೆ ದೂರದೊಡನೆ ಕಾಲವೂ ದೊರೆಯುತ್ತದೆ ಎಂಬುದನ್ನು ಚಿಮಣಿ ಕಟ್ಟಿದವರು ಗಮನಿಸಲಿಲ್ಲ. ನೆಲದ ಬಳಿಯಿದ್ದರೆ ಬೇಗನೆ ಮಣ್ಣಿಗೋ ಗೋಡೆಗೋ ಅಂಟಿಕೊಳ್ಳುತ್ತಿದ್ದ ಗಂಧಕದ ಡೈಆಕ್ಸೈಡ್, ಮೋಡಗಳ ನಡುವೆ ದಿನಗಟ್ಟಲೆ ಸಂಚರಿಸುವಾಗ ಬಿಸಿಲು, ನೀರಾವಿ, ಆಮ್ಲಜನಕಗಳ ಸಹವಾಸದಿಂದ ಗಂಧಕಾಮ್ಲವಾಗಿ ಪರಿಣಮಿಸುತ್ತದೆ. ಇಂಜಿನುಗಳಿಂದಲೂ ಕುಲುಮೆಗಳಿಂದಲೂ ಹೊರಟ ಸಾರಜನಕದ ಆಕ್ಸೈಡುಗಳು ಅದೇ ರೀತಿಯಲ್ಲಿ ನೈಟ್ರಿಕ್ ಆಮ್ಲವಾಗುತ್ತವೆ. ಈ ಆಮ್ಲಗಳು ಮಳೆಯೊಡನೆ, ಹಿಮದೊಡನೆ, ಮಂಜಿನೊಡನೆ ಕೆಳಗಿಳಿಯುತ್ತವೆ. ಮ್ಯಾಂಚೆಸ್ಟರಿನ ಮಳೆಯಲ್ಲಿ ಗಂಧಕಾಮ್ಲವಿರುವುದನ್ನು ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞನು 1852ರಲ್ಲಿಯೇ ಕಂಡುಹಿಡಿದು, 1872ರಲ್ಲಿ ತಾನು ಪ್ರಕಟಿಸಿದ ಗ್ರಂಥದಲ್ಲಿ ಅದಕ್ಕೆ ಆಮ್ಲಮಳೆ ಎಂಬ ಹೆಸರನ್ನೂ ಇಟ್ಟಿದ್ದನು. ಲೋಕವು ಅದನ್ನು ಸುಮಾರು ಒಂದು ಶತಮಾನ ಮರೆತಿತ್ತು.

ನೀಲಿಯಾದ ನಿರ್ಜೀವ ಸರೋವರ

ಮರೆತುದನ್ನು ನೆನಪಿಗೆ ತಂದವರು ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೇನ್. ಮಳೆಯ ಮೂಲಕ ಬೆಳೆಗಳಿಗೆ ಎಷ್ಟು ಪೋಷಕಾಂಶ ಸಿಕ್ಕುವುದೆಂದು ತಿಳಿಯುವ ಸಲುವಾಗಿ ಆ ದೇಶದಲ್ಲಿ 1940ರ ದಶಕದ ಕೊನೆಯಿಂದಲೂ ಹಲವು ಕಡೆ ಮಳೆಯ ನೀರನ್ನು ಹಿಡಿದು ಪರೀಕ್ಷಿಸುವ ಏರ್ಪಾಡಿತ್ತು. ವರ್ಷವರ್ಷಕ್ಕೂ ಮಳೆ ಹೆಚ್ಚು ಹುಳಿಯಾಗುತ್ತಿರುವುದನ್ನೂ, ಆ ಹುಳಿಯು ಗಾಳಿಯ ದಾರಿಯಲ್ಲಿ ಬ್ರಿಟನ್ನಿನಿಂದಲೂ ಮಧ್ಯ ಯೂರೋಪಿನಿಂದಲೂ ಬರುತ್ತಿರುವುದನ್ನೂ, ಸರೋವರಗಳ ಮೀನು ನಾಶವಾಗುತ್ತಿರುವುದಕ್ಕೂ ಅದಕ್ಕೂ ಸಂಬಂಧವಿರುವುದನ್ನೂ ಅವರು 1967ರಲ್ಲಿ ವೃತ್ತಪತ್ರಿಕೆಯ ಲೇಖನವೊಂದರ ಮೂಲಕ ಜನತೆಯ ಮುಂದಿಟ್ಟರು. ತಮ್ಮ ದೇಶದಲ್ಲಿ ಅಷ್ಟು ಹೊಗೆಯನ್ನು ಬಿಡದವರ ಮೇಲೆ ಪರದೇಶದ ಹೊಗೆ ಮಳೆಯಾಗಿ ಬೀಳುತ್ತಿತ್ತು.

ಆಮ್ಲತೆಯನ್ನು ಅಳೆಯುವ ಪಿಎಚ್ ಎಂಬ ಮಾನದಲ್ಲಿ ಅಂಕೆ ಇಳಿದಂತೆ ಹುಳಿ ಏರುವುದು. ಒಂದು ಅಂಕೆ ಇಳಿದರೆ ಹುಳಿ ಹತ್ತುಪಟ್ಟು. ಗಾಳಿಯಲ್ಲಿ ಸಹಜವಾಗಿರುವ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧವಾದ ಮಳೆಯೂ ತುಸು ಹುಳಿಯೇ, ಸುಮಾರು 5.6. ಉತ್ತರ ಯೂರೋಪಿನಲ್ಲಿಯೂ ಅಮೆರಿಕದ ಈಶಾನ್ಯದಲ್ಲಿಯೂ ಆ ದಶಕಗಳಲ್ಲಿ ಬಿದ್ದ ಮಳೆ 4ರ ಆಸುಪಾಸಿನಲ್ಲಿತ್ತು. ನೆಲದಲ್ಲಿ ಸುಣ್ಣಕಲ್ಲು ಹೇರಳವಾಗಿದ್ದರೆ ಇಂಥ ಮಳೆಯ ಹುಳಿಯನ್ನು ಅದು ಕೊಂದುಹಾಕುವುದು. ನಾರ್ವೆ ಸ್ವೀಡನ್ನುಗಳ ನೆಲವಾದರೋ ಗ್ರಾನೈಟಿನ ಬಂಡೆಯ ಮೇಲೆ ಹರಡಿದ ತೆಳುವಾದ ಮಣ್ಣು. ಅದಕ್ಕೆ ಆ ಶಕ್ತಿ ಅತ್ಯಲ್ಪ. ಇದ್ದ ಅಲ್ಪಸ್ವಲ್ಪ ಸುಣ್ಣದ ಅಂಶವೂ ಮೆಗ್ನೀಸಿಯಮ್ಮೂ ಮಳೆಯೊಡನೆ ತೊಳೆದುಹೋದ ಮೇಲೆ, ಮಣ್ಣಿನ ಖನಿಜಗಳಲ್ಲಿ ನಿರಪಾಯವಾಗಿ ಬಂಧಿತವಾಗಿದ್ದ ಅಲ್ಯೂಮಿನಿಯಂ ಕರಗಿ ಹೊಳೆಗೂ ಸರೋವರಕ್ಕೂ ಇಳಿಯಿತು.

ಅಲ್ಯೂಮಿನಿಯಂ ಮೀನಿನ ಕಿವಿರುಗಳ ಮೇಲೆ ಕೂತು ಉಸಿರನ್ನು ಕಟ್ಟಿಸುತ್ತದೆ. ಆಮ್ಲವು ಅದರ ರಕ್ತದ ಲವಣವನ್ನು ಸೋರಿಸುತ್ತದೆ. ಮೊದಲು ಸಾಯುವುವು ಮೊಟ್ಟೆಗಳು ಮತ್ತು ಮರಿಗಳು. ಆದುದರಿಂದ ಅಳಿವಿನ ಮೊದಲ ವರ್ಷಗಳಲ್ಲಿ ಬಲೆಗೆ ದೊಡ್ಡ ಮೀನುಗಳೇ ಬೀಳುತ್ತಿದ್ದುವು. ಪೈಪೋಟಿಯಿಲ್ಲದೆ ಹೇರಳವಾಗಿ ತಿಂದು ಬೆಳೆದ ಆ ಮುದಿ ಮೀನುಗಳನ್ನು ನೋಡಿ ಸರೋವರ ಸಮೃದ್ಧವಾಗಿದೆಯೆಂದು ತಿಳಿದವರುಂಟು. ಅವೂ ಮುಗಿದ ಮೇಲೆ ಉಳಿದುದು ತಳದವರೆಗೂ ಕಾಣುವ, ಸ್ಫಟಿಕದಷ್ಟು ತಿಳಿಯಾದ ನೀಲಿ ನೀರು. ಕಣ್ಣಿಗೆ ಮನೋಹರವಾದ ಆ ತಿಳಿಯು ನೀರಿನಲ್ಲಿರಬೇಕಾದ ಸೂಕ್ಷ್ಮಜೀವಿಗಳು ಅಳಿದುದರ ಚಿಹ್ನೆ. ದಕ್ಷಿಣ ನಾರ್ವೆಯ ಹಲವಾರು ನದಿಗಳಲ್ಲಿ ಸಾಲ್ಮನ್ ಮೀನು ನಿರ್ವಂಶವಾಯಿತು. ಚಳಿಗಾಲದುದ್ದಕ್ಕೂ ಹಿಮದಲ್ಲಿ ಸಂಚಿತವಾದ ಆಮ್ಲವೆಲ್ಲ ವಸಂತದಲ್ಲಿ ಹಿಮ ಕರಗುವ ಮೊದಲ ದಿನಗಳಲ್ಲಿಯೇ ಹೊಳೆಗೆ ಇಳಿಯುವುದರಿಂದ, ಮೀನಿನ ಮರಿಗಳು ಹೊರಬೀಳುವ ಋತುವೇ ಅವುಗಳ ಮೃತ್ಯುಕಾಲವೂ ಆಯಿತು.

ಜೀವಜಾಲದ ಒಂದು ಎಳೆಯನ್ನು ಎಳೆದರೆ ಎಷ್ಟು ದೂರದ ಎಳೆ ಸಡಿಲವಾಗುವುದೆಂಬುದಕ್ಕೆ ನೆದರ್‌ಲೆಂಡ್ಸಿನ ಕಾಡುಗಳು ಸಾಕ್ಷಿ. ಅಲ್ಲಿ ಚಿಕ್ಕ ಹಾಡುಹಕ್ಕಿಗಳ ಮೊಟ್ಟೆಗಳು ತೆಳ್ಳನೆಯ ಚಿಪ್ಪಿನವಾಗಿ ಒಡೆದುಹೋಗುತ್ತಿದ್ದುವು. ಕೆಲವು ಹಕ್ಕಿಗಳು ಚಿಪ್ಪಿಲ್ಲದ ಮೊಟ್ಟೆಯನ್ನೇ ಇಡುತ್ತಿದ್ದುವು. ವಿಜ್ಞಾನಿಗಳು ಅರಸಿದಾಗ ತಿಳಿದುಬಂದುದೇನೆಂದರೆ, ಆ ಹಕ್ಕಿಗಳು ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣವನ್ನು ಬಸವನಹುಳುವಿನ ಕವಚದಿಂದ ಪಡೆಯುತ್ತವೆ. ಆಮ್ಲಮಳೆಯಿಂದ ಮಣ್ಣಿನ ಸುಣ್ಣ ಕಳೆದುಹೋಗಿ ಬಸವನಹುಳುಗಳು ವಿರಳವಾಗಿದ್ದುವು. ಎಲ್ಲಿಯೋ ಉರಿದ ಕಲ್ಲಿದ್ದಲು ಒಂದು ಗೂಡಿನ ಸಂತಾನವನ್ನು ಅಳಿಸಲು ಇಷ್ಟು ಕೊಂಡಿಗಳ ಸರಪಳಿಯನ್ನು ಹಿಡಿದು ಬಂದಿತ್ತು.

ಎಲೆ, ಪೈರು, ಕಲ್ಲು

ಪ್ರಾಣಿಗೆ ಶ್ವಾಸಕೋಶವಿರುವಂತೆ ಸಸ್ಯಕ್ಕೆ ಪತ್ರರಂಧ್ರಗಳುಂಟು. ಆಹಾರಕ್ಕೆಂದು ತೆರೆದ ಆ ಬಾಗಿಲುಗಳಿಂದಲೇ ಗಂಧಕದ ಡೈಆಕ್ಸೈಡ್ ಒಳಹೊಕ್ಕು ಹಸುರನ್ನು ಕೆಡಿಸಿ, ನರಗಳ ನಡುವಣ ಭಾಗವನ್ನು ಬಿಳುಚಿಸುತ್ತದೆ. ಚೆಕ್ ದೇಶದ, ಪೋಲೆಂಡಿನ ಮತ್ತು ಆಗಿನ ಪೂರ್ವ ಜರ್ಮನಿಯ ಗಡಿಗಳು ಕೂಡುವಲ್ಲಿ ಗಂಧಕ ತುಂಬಿದ ಕಂದುಕಲ್ಲಿದ್ದಲನ್ನು ಸುಡುತ್ತಿದ್ದುದರಿಂದ, 1970 ಮತ್ತು 1980ರ ದಶಕಗಳಲ್ಲಿ ಬೆಟ್ಟಸಾಲುಗಳ ಮೇಲಣ ಸ್ಪ್ರೂಸ್ ಕಾಡುಗಳು ಸಾವಿರಾರು ಹೆಕ್ಟೇರುಗಳಲ್ಲಿ ನಿಂತಲ್ಲೇ ಒಣಗಿದುವು. ಬೇರಿಲ್ಲದೆ ಗಾಳಿಮಳೆಗಳಿಂದಲೇ ಆಹಾರವನ್ನು ಹೀರಿ ಬದುಕುವ ಕಲ್ಲುಹೂವು ಇವೆಲ್ಲಕ್ಕಿಂತ ಮೃದು. ಪ್ಯಾರಿಸ್ಸಿನ ಗಾಳಿ ಕೆಟ್ಟಿರುವುದು ಅಲ್ಲಿನ ಮರಗಳ ಕಲ್ಲುಹೂವಿನಿಂದ ತಿಳಿಯುವುದೆಂದು ನೈಲಾಂಡರ್ ಎಂಬ ಸಸ್ಯಶಾಸ್ತ್ರಜ್ಞನು 1866ರಲ್ಲಿಯೇ ಹೇಳಿದ್ದನು. ಇಂದಿಗೂ ಯಂತ್ರವಿಲ್ಲದೆಡೆ ಅದೇ ಮಾಪಕ.

ಗಂಧಕವನ್ನು ಬಿಟ್ಟು ಇತರ ದ್ರವ್ಯಗಳನ್ನು ನೋಡಿದರೂ ಕಥೆಯ ರೀತಿ ಇದೇ. ಸಾರಜನಕದ ಸಂಯುಕ್ತಗಳು ಗೊಬ್ಬರವಾಗಿ ಬೀಳುವುದರಿಂದ, ಬಡಮಣ್ಣಿಗೆ ಒಗ್ಗಿಕೊಂಡಿದ್ದ ನೆದರ್‌ಲೆಂಡ್ಸಿನ ಹೂಪೊದೆಗಳ ಬಯಲುಗಳನ್ನು ಒರಟು ಹುಲ್ಲು ಆಕ್ರಮಿಸಿತು. ವಾಹನಗಳ ಹೊಗೆಯ ಮೇಲೆ ಪ್ರಖರವಾದ ಬಿಸಿಲು ಬಿದ್ದಾಗ ನೆಲದ ಬಳಿ ಓಜೋನ್ ಉತ್ಪನ್ನವಾಗುತ್ತದೆ. ಮುಗಿಲಿನಲ್ಲಿ ನಮಗೆ ರಕ್ಷಕವಾಗಿರುವ ಈ ಅನಿಲವೇ ಇಲ್ಲಿ ಪೈರಿಗೆ ವಿಷ. 2005ನೆಯ ಒಂದೇ ವರ್ಷದಲ್ಲಿ ಓಜೋನಿನಿಂದ ಭಾರತವು ಸುಮಾರು 35 ಲಕ್ಷ ಟನ್ನು ಗೋಧಿಯನ್ನೂ ಸುಮಾರು 21 ಲಕ್ಷ ಟನ್ನು ಅಕ್ಕಿಯನ್ನೂ ಕಳೆದುಕೊಂಡಿತೆಂದು ಪುಣೆಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಬಿತ್ತಿದವನಿಗೆ ಈ ನಷ್ಟದ ಕಾರಣ ಕಾಣುವುದೇ ಇಲ್ಲ. ಮಳೆಯನ್ನೋ ಬೀಜವನ್ನೋ ದೂಷಿಸಿ ಸುಮ್ಮನಾಗುತ್ತಾನೆ. ಕಲ್ಲಿಗೂ ವಿನಾಯಿತಿಯಿಲ್ಲ. ಅಮೃತಶಿಲೆಯು ಸುಣ್ಣದ ಒಂದು ರೂಪವಾದುದರಿಂದ ಗಂಧಕಾಮ್ಲವು ಅದನ್ನು ಪುಡಿಪುಡಿಯಾಗುವ ಜಿಪ್ಸಮ್ಮಾಗಿ ಮಾರ್ಪಡಿಸುತ್ತದೆ. ಈ ಭಯದಿಂದಲೇ ನಮ್ಮ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ, ತಾಜಮಹಲಿನ ಸುತ್ತಣ ಸುಮಾರು 10,400 ಚದರ ಕಿಲೋಮೀಟರಿನ ಸೀಮೆಯಲ್ಲಿ ಕಲ್ಲಿದ್ದಲು ಉರಿಸುತ್ತಿದ್ದ ಉದ್ಯಮಗಳು ಅನಿಲಕ್ಕೆ ತಿರುಗಬೇಕು, ಇಲ್ಲವೇ ಬೇರೆಡೆಗೆ ಹೋಗಬೇಕು ಎಂದು ಆಜ್ಞಾಪಿಸಿತು.

ತೊಳೆದ ಹೊಗೆ

1972ರ ಜೂನ್ ತಿಂಗಳಿನಲ್ಲಿ ಸ್ಟಾಕ್‌ಹೋಮಿನಲ್ಲಿ ಮಾನವ ಪರಿಸರದ ಬಗ್ಗೆ ವಿಶ್ವಸಂಸ್ಥೆಯ ಮೊದಲ ಮಹಾಸಮ್ಮೇಳನ ನೆರೆದಾಗ, ಗಡಿ ದಾಟಿ ಬರುವ ಆಮ್ಲಮಳೆಯ ದೂರನ್ನು ಸ್ವೀಡನ್ ಜಗತ್ತಿನ ಮುಂದೆ ಇಟ್ಟಿತು. ದೂರದ ದೇಶದ ಚಿಮಣಿ ತಮ್ಮ ಮೀನನ್ನು ಕೊಲ್ಲುವುದೆಂಬ ಮಾತನ್ನು ಅನೇಕರು ಕೂಡಲೆ ಒಪ್ಪಲಿಲ್ಲ. ಅಳತೆಗಳು ವರ್ಷವರ್ಷವೂ ಕೂಡುತ್ತ ಹೋದುವು. 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಒಪ್ಪಂದವಾಯಿತು. 1985ರಲ್ಲಿ ಹೆಲ್ಸಿಂಕಿಯಲ್ಲಿ, 1980ರ ಪ್ರಮಾಣದಿಂದ ಗಂಧಕವನ್ನು ಶೇಕಡ 30ರಷ್ಟಾದರೂ ಇಳಿಸುವೆವೆಂದು ಹಲವು ರಾಷ್ಟ್ರಗಳು ಸಹಿ ಹಾಕಿದುವು. ಬ್ರಿಟನ್ ಆ ದಿನ ಹೊರಗುಳಿಯಿತಾದರೂ ಮುಂದೆ ಅದೇ ದಾರಿಗೆ ಬಂದಿತು. ಯೂರೋಪಿನ ಗಂಧಕದ ಹೊಗೆ 1980ರಿಂದೀಚೆಗೆ ಶೇಕಡ 80ಕ್ಕೂ ಹೆಚ್ಚು ಇಳಿದಿದೆ. ಬ್ರಿಟನ್ನಿನ ಕಡೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸಡ್‌ಬರಿಯ ಮಹಾಚಿಮಣಿ ಅದಕ್ಕೆ ನಾಲ್ಕು ವರ್ಷ ಮುಂಚೆಯೇ ನಿವೃತ್ತವಾಗಿತ್ತು.

ಇದು ಸಾಧ್ಯವಾದುದು ಚಿಮಣಿಯ ಎತ್ತರದಿಂದಲ್ಲ. ಗಂಧಕ ಕಡಿಮೆಯಿರುವ ಇಂಧನಕ್ಕೆ ತಿರುಗಿದರು. ಕಲ್ಲಿದ್ದಲನ್ನು ಬಿಡಲಾಗದಲ್ಲಿ ಹೊಗೆಯನ್ನು ಚಿಮಣಿಗೆ ಬಿಡುವ ಮುನ್ನ ಸುಣ್ಣಕಲ್ಲಿನ ತಿಳಿಗಂಜಿಯಲ್ಲಿ ತೊಳೆದರು. ಗಂಧಕವು ಸುಣ್ಣದೊಡನೆ ಕೂಡಿ ಜಿಪ್ಸಮ್ಮಾಗುವುದು. ಅದು ಸಿಮೆಂಟಿಗೂ ಗೋಡೆಯ ಹಲಗೆಗೂ ಉಪಯೋಗಕ್ಕೆ ಬರುವುದು. ಬಯಲಿನ ಸರೋವರದಲ್ಲಿ ನಡೆಯುತ್ತಿದ್ದ ರಸಾಯನವನ್ನು ಕಾರ್ಖಾನೆಯ ತೊಟ್ಟಿಯೊಳಗೆ ನಡೆಯಿಸುವುದೇ ಇದರ ತತ್ತ್ವ. ಆದರೆ ನೆಲವು ಹೊಗೆಯಷ್ಟು ಬೇಗ ತಿಳಿಯಾಗುವುದಿಲ್ಲ. ಬಂಡೆ ಸವೆದು ಮಣ್ಣಿಗೆ ಸುಣ್ಣ ಸೇರುವುದು ಸಹಸ್ರಾರು ವರ್ಷಗಳ ಕೆಲಸ. ಕೆಲವು ದಶಕಗಳಲ್ಲಿ ತೊಳೆದುಹೋದುದನ್ನು ತುಂಬಿಕೊಡಲು ಸ್ವೀಡನ್ ಇಂದಿಗೂ ತನ್ನ ಸಾವಿರಾರು ಸರೋವರಗಳಿಗೆ ಸುಣ್ಣದ ಪುಡಿಯನ್ನು ಸುರಿಯುತ್ತಿದೆ. ಸಡ್‌ಬರಿಯ ಜನರು 1978ರಿಂದ ಬಂಡೆಬೆಟ್ಟಗಳಿಗೆ ಸುಣ್ಣ ಹಾಕಿ ಲಕ್ಷಾಂತರ ಸಸಿಗಳನ್ನು ನೆಟ್ಟು ಹಸುರನ್ನು ಮರಳಿ ತಂದಿದ್ದಾರೆ. ಗಾಯ ಮಾಯುವುದುಂಟು, ಮಾಯಿಸುವ ವೆಚ್ಚ ತಡೆಯುವ ವೆಚ್ಚಕ್ಕಿಂತ ಬಹು ಹೆಚ್ಚು.

ನಮ್ಮ ಚಿಮಣಿಗಳು

ಸ್ಟಾಕ್‌ಹೋಮಿನ ಆ ಸಮ್ಮೇಳನದಲ್ಲಿ ಭಾರತದ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರೂ ಮಾತನಾಡಿದ್ದರು. ಅಲ್ಲಿನ ನಿರ್ಣಯಗಳನ್ನು ನೆರವೇರಿಸುವುದಕ್ಕಾಗಿಯೇ ಎಂದು ಪೀಠಿಕೆಯಲ್ಲಿ ಹೇಳಿಕೊಂಡು ನಮ್ಮ ವಾಯುಮಾಲಿನ್ಯ ನಿಯಂತ್ರಣದ ಕಾಯಿದೆ 1981ರಲ್ಲಿ ಜಾರಿಗೆ ಬಂದಿತು. ಆಮ್ಲಮಳೆಯ ಮಟ್ಟಿಗೆ ನಮಗೆ ಪ್ರಕೃತಿಯ ಒಂದು ಕೃಪೆಯಿದೆ: ಉತ್ತರಭಾರತದ ಗಾಳಿಯಲ್ಲಿ ತೇಲುವ ಸುಣ್ಣಮಿಶ್ರಿತ ಧೂಳು ಮಳೆಯ ಹುಳಿಯನ್ನು ಬಹುಮಟ್ಟಿಗೆ ಮುರಿಯುತ್ತದೆ. ಅತಿವೃಷ್ಟಿಯಿಂದ ಸುಣ್ಣವೆಲ್ಲ ಕೊಚ್ಚಿಹೋಗಿ ಸ್ವಭಾವತಃ ಹುಳಿಯಾಗಿರುವ ಪಶ್ಚಿಮಘಟ್ಟದ ಜಂಬಿಟ್ಟಿಗೆ ಮಣ್ಣಿಗೆ ಆ ಕೃಪೆ ಅಷ್ಟಾಗಿ ಇಲ್ಲ.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಗಂಧಕ ಕಡಿಮೆ. ಸಾಮಾನ್ಯವಾಗಿ ಶೇಕಡ ಅರ್ಧದೊಳಗೆ. ಆದರೆ ಪ್ರಮಾಣವನ್ನು ನೋಡಬೇಕು. ದೇಶವು ಈಗ ವರ್ಷಕ್ಕೆ 100 ಕೋಟಿ ಟನ್ನಿಗೂ ಮೀರಿ ಕಲ್ಲಿದ್ದಲನ್ನು ಅಗೆಯುತ್ತಿದೆ. ಶೇಕಡ ಅರ್ಧದಂತೆ ಎಣಿಸಿದರೂ ಅದರಲ್ಲಿ 50 ಲಕ್ಷ ಟನ್ನು ಗಂಧಕ. ಉರಿದಾಗ ಆಮ್ಲಜನಕ ಸೇರಿ ತೂಕ ಇಮ್ಮಡಿಯಾಗಿ ಒಂದು ಕೋಟಿ ಟನ್ನು ಅನಿಲ. ಈ ಅನಿಲಕ್ಕೆ 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಮೊದಲ ಬಾರಿಗೆ ಮಿತಿಯನ್ನು ವಿಧಿಸಿ, ಹೊಗೆಯನ್ನು ತೊಳೆಯುವ ಯಂತ್ರಗಳಿಗೆ ದಾರಿಮಾಡಿತು. ಗಡುವುಗಳು ಒಂದರ ಮೇಲೊಂದು ಮುಂದೂಡಲ್ಪಟ್ಟುವು. 2025ರ ಜುಲೈನಲ್ಲಿ ಹೊರಟ ಅಧಿಸೂಚನೆಯು, ಮಹಾನಗರಗಳಿಂದಲೂ ಗಾಳಿ ವಿಶೇಷವಾಗಿ ಕೆಟ್ಟಿರುವ ಸೀಮೆಗಳಿಂದಲೂ ದೂರದಲ್ಲಿರುವ ಕೇಂದ್ರಗಳನ್ನು, ಎಂದರೆ ದೇಶದ ಬಹುಪಾಲು ಕೇಂದ್ರಗಳನ್ನು, ಆ ಮಿತಿಯಿಂದ ಬಿಡುಗಡೆ ಮಾಡಿತು. ಇದಕ್ಕೆ ವಿಧಿಸಿದ ಷರತ್ತು ಚಿಮಣಿ ನಿಯಮಿತವಾದಷ್ಟು ಎತ್ತರವಿರಬೇಕು ಎಂಬುದು. ದೊಡ್ಡ ಘಟಕಗಳಿಗೆ ಆ ಎತ್ತರ 275 ಮೀಟರು.

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ನೆಲದ ಬಳಿ ಅನಿಲದ ಪ್ರಮಾಣ ಮಿತಿಯೊಳಗಿದೆ, ತೊಳೆಯಲು ಹಣವೂ ನೀರೂ ಸುಣ್ಣಕಲ್ಲಿನ ಗಣಿಯೂ ಬೇಕು ಎಂಬ ಸರ್ಕಾರದ ವಾದವು ಅಲಕ್ಷ್ಯಕ್ಕೆ ಯೋಗ್ಯವಾದುದಲ್ಲ. ಆದರೆ ಅನಿಲವನ್ನು ಅನಿಲವಾಗಿಯೇ ಅಳೆದರೆ ಅರ್ಧ ಸತ್ಯ ಮಾತ್ರ ದೊರಕುವುದು. ಎತ್ತರದಲ್ಲಿ ಸಂಚರಿಸುವ ಗಂಧಕದ ಡೈಆಕ್ಸೈಡ್ ಗೊಬ್ಬರದಿಂದಲೂ ದನಗಳ ಕೊಟ್ಟಿಗೆಯಿಂದಲೂ ಏಳುವ ಅಮೋನಿಯದೊಡನೆ ಕೂಡಿ ಅಮೋನಿಯಂ ಸಲ್ಫೇಟಿನ ಸೂಕ್ಷ್ಮಕಣವಾಗುತ್ತದೆ. ಶ್ವಾಸಕೋಶದ ಕಾವಲುಗಳನ್ನು ದಾಟುವ ಪಿಎಂ 2.5ರಲ್ಲಿ ಇದರ ಪಾಲು ಗಣನೀಯವಾದುದು. ಚಿಮಣಿಯ ಬುಡದಲ್ಲಿ ನಿಂತು ಅಳೆಯುವವನಿಗೆ ಆ ಕಣ ಕಾಣುವುದಿಲ್ಲ, ಏಕೆಂದರೆ ಅದು ಅಲ್ಲಿ ಇನ್ನೂ ಹುಟ್ಟಿರುವುದೇ ಇಲ್ಲ. ಸಾವಿರ ಮೈಲಿಯಾಚೆಯ ಸರೋವರಗಳು ಐವತ್ತು ವರ್ಷಗಳ ಹಿಂದೆ ಕಲಿಸಿದ ಪಾಠವೂ ಇದೇ.

ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿರುವ ರಾಯಚೂರು ಕೇಂದ್ರವೂ, ಕುಡತಿನಿಯ ಬಳಿಯ ಬಳ್ಳಾರಿ ಕೇಂದ್ರವೂ ಒಂದೊಂದು ಸುಮಾರು 1,700 ಮೆಗಾವ್ಯಾಟ್ ಸಾಮರ್ಥ್ಯದವು. ಅವುಗಳ ವಿದ್ಯುತ್ತು ರಾಜ್ಯದ ತಂತಿಗಳಲ್ಲಿ ಸೇರಿ ನಮ್ಮೆಲ್ಲರ ಮನೆಗಳಿಗೆ ಬರುತ್ತದೆ. ಹಾರುಬೂದಿಯೂ ಹೊಗೆಯೂ ಗಾಳಿ ಬೀಸುವತ್ತ ಹೋಗುತ್ತವೆ. ಬೆಳಕನ್ನು ಅನುಭವಿಸುವವನು ಒಬ್ಬನಾಗಿ ಕೆಮ್ಮುವವನು ಇನ್ನೊಬ್ಬನಾಗುವ ಈ ಏರ್ಪಾಡು ಧರ್ಮವಲ್ಲ.

ಸರಿಯಾದ ಪರಿಹಾರದ ಸ್ವರೂಪವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ ಗ್ರಾಮೀಣ ತಂತ್ರಜ್ಞಾನದ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳ ಹಿರಿಯರು ಬಲ್ಲರು. ಅದಕ್ಕೂ ಹೊಗೆಕೊಳವೆಯುಂಟು, ಆದರೆ ಹೊಗೆಯನ್ನು ಅಡಿಗೆಮನೆಯಿಂದ ಬೀದಿಗೆ ದಾಟಿಸಿದುದಷ್ಟೇ ಅದರ ಗುಣವಲ್ಲ. ಉರಿಗೆ ಬೇಕಾದಷ್ಟು ಗಾಳಿಯನ್ನು ಅಳತೆಯಿಂದ ಒದಗಿಸಿ, ಸೌದೆಯನ್ನು ಚೆನ್ನಾಗಿ ಉರಿಸಿ, ಹಳೆಯ ಒಲೆಗೆ ಬೇಕಾಗುತ್ತಿದ್ದ ಸೌದೆಯಲ್ಲಿ ಹೆಚ್ಚುಕಡಮೆ ಅರ್ಧದಲ್ಲಿಯೇ ಅಡಿಗೆ ಮುಗಿಸಿದುದು ಅದರ ಹಿರಿಮೆ. ಹೊಗೆ ಹುಟ್ಟುವುದನ್ನೇ ಅದು ಕಡಿಮೆ ಮಾಡಿತು.

ಹೊಗೆಗೆ ಯಾರು ಯಾವ ಉಪಾಯವನ್ನು ಸೂಚಿಸಿದರೂ ನಾವು ಕೇಳಬೇಕಾದುದು ಇದೊಂದೇ ಪ್ರಶ್ನೆ: ಇದರಿಂದ ವಿಷ ಕಡಿಮೆಯಾಗುವುದೋ, ಇಲ್ಲವೇ ಅದು ಬೀಳುವ ಊರು ಬೇರೆಯಾಗುವುದೋ? ಮೊದಲನೆಯದಾದರೆ ಅದಕ್ಕೆ ತಗಲುವ ವೆಚ್ಚವನ್ನು, ವಿದ್ಯುತ್ತಿನ ದರ ತುಸು ಹೆಚ್ಚುವುದಾದರೂ, ಬಳಸುವವರಾದ ನಾವು ಒಪ್ಪಿ ತೆರಬೇಕು. ಇಂದು ಆ ವೆಚ್ಚವು ಉಳಿತಾಯವೇನೂ ಆಗುತ್ತಿಲ್ಲ, ಗಾಳಿಯ ದಾರಿಯಲ್ಲಿ ವಾಸಿಸುವವರ ಆಸ್ಪತ್ರೆಯ ಖರ್ಚಾಗಿಯೂ ಕುಗ್ಗಿದ ಫಸಲಾಗಿಯೂ ಅವರಿಂದ ವಸೂಲಾಗುತ್ತಿದೆ. ಎರಡನೆಯದಾದರೆ ಅದನ್ನು ಪರಿಹಾರವೆಂದು ಕರೆಯಲು ನಾವು ಸಮ್ಮತಿಸಕೂಡದು. ನಮ್ಮ ಊರಿನ ಗಾಳಿ ಅದರಿಂದ ತಿಳಿಯಾಗುವುದಾದರೂ ಸಮ್ಮತಿಸಕೂಡದು.